ಸದಸ್ಯರ ಮನೆಗೆ ಕೊನೆಗೆ

ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹನ್ನೊಂದು ವೀಲ್‌ಚೇರು ಇವೆ, ಬಂದವರು ಕೂರೋಕೆ ಒಂದು ಕುರ್ಚಿ ಇಲ್ಲ. ನನ್ನನ್ನು ನೋಡಲು ಬಂದ ನಮ್ಮಣ್ಣ ಒಮ್ಮೆ ವೀಲ್‌ಚೇರಿನಲ್ಲೇ ಕೂತು ಟೀ ಕುಡಿದ. ಬ್ರೇಕ್ ಹಾಕಿರಲಿಲ್ಲ, ಅರ್ಧ ಲೋಟ ಮುಗಿಯುವ ಹೊತ್ತಿಗೆ ಬಾಗಿಲ ತನಕ ಹೋಗಿದ್ದ. ಊರುಗೋಲುಗಳು ಮೂಲೆಯಲ್ಲಿ, ವಾಕರುಗಳು ಒಂದರ ಮೇಲೊಂದು, ಕಮೋಡ್ ಕುರ್ಚಿಗಳು ಕಿಟಕಿ ಕೆಳಗೆ. ನನ್ನ ಹೊಲಿಗೆ ಮಿಷನ್ನು ಮಾತ್ರ ಅಡುಗೆಮನೆಗೂ ಬಚ್ಚಲಿಗೂ ನಡುವಿನ ಇಕ್ಕಟ್ಟಿನಲ್ಲಿ. ಬಚ್ಚಲಿಗೆ ಹೋಗುವವರೆಲ್ಲ ನನ್ನ ಮೊಣಕೈಗೆ ತಾಗಿಸಿಕೊಂಡೇ ಹೋಗಬೇಕು. ಮದುವೆಯಾಗಿ ಬಂದ ದಿನದಿಂದ, ಹದಿನೆಂಟು ವರ್ಷ, ಹೀಗೇ.

ಇದೆಲ್ಲ ಕ್ಲಬ್ಬಿನ ಸಾಮಾನು. ಕ್ಲಬ್ಬು ಅಂದರೆ ಇಸ್ಪೀಟಾಡುವ ಕ್ಲಬ್ಬಲ್ಲ, ನಮ್ಮ ಮಾವ ಮತ್ತು ಅವರ ಮೂವರು ಗೆಳೆಯರು ಐವತ್ತು ವರ್ಷದ ಹಿಂದೆ ಕಟ್ಟಿದ ಸೇವಾ ಕ್ಲಬ್ಬು. ಮಾವನದು ಆಗ ಸೈಕಲ್ ಅಂಗಡಿ. ಉಳಿದವರಲ್ಲಿ ಒಬ್ಬರು ಕಾಂಪೌಂಡರು, ಒಬ್ಬರು ಡ್ರಿಲ್ ಮೇಷ್ಟ್ರು, ಇನ್ನೊಬ್ಬರು ಕಟಿಂಗ್ ಶಾಪಿನವರು. ನಾಲ್ವರೂ ಸಂಜೆ ಅಂಗಡಿ ಮುಂದೆ ಕೂತು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದರಂತೆ. ಬರೀ ಬಾಯಿಮಾತು ಸಾಕು, ಏನಾದರೂ ಮಾಡೋಣ ಅಂತ ಮಾವ ಒಂದು ಬೆತ್ತದ ಕುರ್ಚಿಗೆ ಎರಡು ಹಳೇ ಸೈಕಲ್ ಚಕ್ರ ಕೂರಿಸಿ, ನಡೆಯಲಾರದವರಿಗೆ ಕೊಡೋಕೆ ಶುರು ಮಾಡಿದರು. ಅದೇ ಕ್ಲಬ್ಬಿನ ಹುಟ್ಟು. ಈಗ ಅರವತ್ತು ಜನ ಸದಸ್ಯರು. ಕಾಲು ಮುರಿದವರು, ಸೊಂಟ ಬಿದ್ದವರು, ಆಸ್ಪತ್ರೆಯವರು ಇನ್ನು ಮನೆಗೆ ಕರಕೊಂಡು ಹೋಗಿ ಅಂದವರು, ಎಲ್ಲರೂ ನಮ್ಮ ಬಾಗಿಲಿಗೇ ಬರುತ್ತಾರೆ. ಬಾಡಿಗೆ ಇಲ್ಲ, ಠೇವಣಿ ಇಲ್ಲ. ಪುಸ್ತಕದಲ್ಲಿ ಹೆಸರು, ವಿಳಾಸ ಬರೆದು ಒಯ್ಯಬಹುದು.

ನಿಯಮ ಎರಡೇ. ಗೋಡೆ ಮೇಲೆ ಮಾವನ ಅಕ್ಷರದಲ್ಲೇ ಬರೆದಿದೆ. ಒಂದು, ಸದಸ್ಯರ ಮನೆಗೆ ಕೊನೆಗೆ. ಎರಡು, ಕೊಟ್ಟದ್ದನ್ನು ಕೇಳಬಾರದು.

ಎರಡನೆಯದಕ್ಕೆ ಒಂದು ಕಥೆ ಇದೆ. ಮೊದಲ ವರ್ಷ ಕಾಂಪೌಂಡರು ಯಾರದೋ ಮನೆಗೆ ಹೋಗಿ, ಕುರ್ಚಿಯ ಕೆಲಸ ಮುಗೀತಾ ಅಂತ ಬಾಗಿಲಲ್ಲಿ ನಿಂತು ಕೇಳಿದರಂತೆ. ಒಳಗೆ ಮಲಗಿದ್ದ ಯಜಮಾನರ ಕಿವಿಗೆ ಬಿತ್ತು. ಆವತ್ತಿನಿಂದ ಅವರು ಸರಿಯಾಗಿ ಊಟ ಮಾಡಲಿಲ್ಲ. ನಮ್ಮ ಸಾಮಾನು ವಾಪಸ್ ಬರಬೇಕಾದರೆ ಒಂದೋ ಆ ಜೀವ ಎದ್ದು ನಡೆದಿರಬೇಕು, ಇಲ್ಲ ಹೋಗಿರಬೇಕು, ಅದನ್ನು ಕೇಳೋಕೆ ನಾವು ಯಾರು ಅನ್ನುವುದು ಮಾವನ ವಾದ. ಹಾಗಾಗಿ ಕೊಟ್ಟ ಮೇಲೆ ಕ್ಲಬ್ಬಿನವರು ಆ ಮನೆ ಕಡೆ ತಲೆ ಹಾಕುವುದಿಲ್ಲ. ಬಂದಾಗ ಬರುತ್ತೆ. ಬಂದದ್ದನ್ನು ಬಿಸಿನೀರು, ಸೋಪು ಹಾಕಿ ಉಜ್ಜಿ, ಬಿಸಿಲಿಗೆ ಒಣಗಿಸಿ ಒಳಗಿಡುವವರು ನಮ್ಮತ್ತೆ. ಕ್ಲಬ್ಬಿನ ಯಾವ ಫೋಟೋದಲ್ಲೂ ಅತ್ತೆ ಇಲ್ಲ.

ಆರು ವಾರ ಬಿಟ್ಟು ಕ್ಲಬ್ಬಿಗೆ ಐವತ್ತು ತುಂಬುತ್ತದೆಂದು ಮಾವ ಅದರ ಚರಿತ್ರೆ ಬರೆಸೋಕೆ ಕೂತಿದ್ದರು. ಅವರು ಹೇಳುವುದು, ನನ್ನ ಮಗಳು ಕಂಪ್ಯೂಟರಿನಲ್ಲಿ ಟೈಪು ಮಾಡುವುದು. ಸಾಯಂಕಾಲ ಊಟದ ಮೇಜೆಲ್ಲ ಹಳೇ ಕಾಗದ. ತಟ್ಟೆ ಇಡೋಕೆ ಜಾಗ ಕೇಳಿದರೆ ಮಾವ ಒಂದು ವರ್ಷವನ್ನು ಎತ್ತಿ ಇನ್ನೊಂದು ವರ್ಷದ ಮೇಲೆ ಇಡುತ್ತಿದ್ದರು.

"ಮೂರನೆಯ ವರ್ಷ ಒಬ್ಬ ಸದಸ್ಯರು, ಇದ್ದ ಒಂದೇ ಕುರ್ಚಿಯನ್ನು ಹದಿನಾಲ್ಕು ತಿಂಗಳು ತಮ್ಮ ಮನೆಯಲ್ಲೇ ಇಟ್ಟುಕೊಂಡರು," ಅಂತ ಒಂದು ಸಂಜೆ ಬರೆಸಿದರು. "ಪಟ್ಟಿಯಲ್ಲಿ ಮುಂದಿದ್ದ ಹುಡುಗಿಗೆ ಕುರ್ಚಿ ಸಿಗದೆ, ಸ್ಕೂಲಿಗೆ ಹೋಗೋಕಾಗದೆ ಓದು ನಿಂತಿತು. ಅಂದಿನಿಂದ ಸದಸ್ಯರ ಮನೆಗೆ ಕೊನೆಗೆ ಎಂಬ ನಿಯಮ ಬಂತು."

"ಯಾರು ತಾತ ಆ ಸದಸ್ಯರು?" ಅಂದಳು ಮಗಳು.

"ಯಾರಾದರೇನು, ಟೈಪ್ ಮಾಡು."

ಅತ್ತೆ ಬಟ್ಟೆ ಮಡಿಸುತ್ತಿದ್ದವರು ತಲೆ ಎತ್ತಿ ನೋಡಿದರು.

ಅದಾಗಿ ಮೂರೇ ದಿನಕ್ಕೆ ಅತ್ತೆ ಬಿದ್ದರು. ಹಿತ್ತಲಲ್ಲಿ ವಾಪಸ್ ಬಂದ ವೀಲ್‌ಚೇರು ತೊಳೆಯುತ್ತಿದ್ದಾಗ ಸೋಪಿನ ನೀರಿನ ಮೇಲೆ ಕಾಲು ಜಾರಿತು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಗಿ ಒಂಬತ್ತನೇ ದಿನಕ್ಕೆ ಮನೆಗೆ ಕಳಿಸಿದರು. ಎರಡು ತಿಂಗಳು ಆ ಕಾಲಿಗೆ ಭಾರ ಹಾಕಬಾರದು, ತಲೆಯ ಕಡೆ ಎತ್ತಿ ಇಳಿಸುವ ಮಂಚ ಇದ್ದರೆ ಒಳ್ಳೆಯದು ಅಂತ ಡಾಕ್ಟರು ಹೇಳಿದಾಗ ನಾನು ನಿಶ್ಚಿಂತೆಯಿಂದ ತಲೆ ಆಡಿಸಿದೆ. ನಮ್ಮ ಮನೆಯಲ್ಲಿ ಇನ್ಯಾವುದಕ್ಕೆ ಬರ ಬಂದರೂ ಇಂಥದ್ದಕ್ಕಿಲ್ಲ ಅಂದುಕೊಂಡೆ.

ಕ್ಲಬ್ಬಿನಲ್ಲಿ ಹ್ಯಾಂಡಲ್ ತಿರುಗಿಸುವ ಆಸ್ಪತ್ರೆ ಮಂಚ ಆರಿವೆ. ಆರೂ ಹೊರಗಿದ್ದವು.

ಅತ್ತೆಯನ್ನು ನಡುಮನೆಯ ತಗ್ಗು ಮಂಚದ ಮೇಲೆ ಮಲಗಿಸಿದೆವು. ಊಟಕ್ಕೊಮ್ಮೆ, ಮದ್ದಿಗೊಮ್ಮೆ, ಮೈ ಒರೆಸೋಕೊಮ್ಮೆ ನಾನು ಬಗ್ಗಿ ಎತ್ತಬೇಕು. ಅತ್ತೆ ತೂಕದ ಹೆಂಗಸು. ನಮ್ಮನೆಯವರು ಸಿಟಿ ಬಸ್ಸಿನ ಡ್ರೈವರು, ಬೆಳಗಿನ ಪಾಳಿಗೆ ಹೋದರೆ ಮಧ್ಯಾಹ್ನದ ತನಕ ಎತ್ತುವ ಕೈ ನನ್ನದೊಂದೇ. ವಾರ ಕಳೆಯುವುದರಲ್ಲಿ ನನ್ನ ಬೆನ್ನೂ ಹಿಡಿದುಕೊಂಡಿತು. ಒಪ್ಪಿಕೊಂಡ ಬಟ್ಟೆಗಳು ಹೊಲಿಗೆಯಾಗದೆ ಬುಟ್ಟಿಯಲ್ಲಿ ಬಿದ್ದಿದ್ದವು. ಮಲಗಿಕೊಂಡೇ ನುಂಗುತ್ತಿದ್ದರಿಂದ ಅತ್ತೆಗೆ ಎರಡನೇ ತುತ್ತಿಗೇ ಕೆಮ್ಮು. ಸಾಕು ಬಿಡು, ಹಸಿವಿಲ್ಲ ಅನ್ನುತ್ತಿದ್ದರು.

ಒಂದು ರಾತ್ರಿ ಊಟಕ್ಕೆ ಕೂತಾಗ ನಮ್ಮನೆಯವರೇ ಮಾತು ತೆಗೆದರು.

"ಅಪ್ಪ, ಆರು ಮಂಚದಲ್ಲಿ ಅಮ್ಮಂಗೆ ಒಂದು ಇಲ್ವಾ?"

"ಆರೂ ಹೊರಗಿವೆ."

"ಬಂದ ತಕ್ಷಣ?"

"ಪಟ್ಟಿಯಲ್ಲಿ ಬೇಕರಿಯವನ ಹೆಂಡತಿ ಇದ್ದಾಳೆ. ಅವಳಾದ ಮೇಲೆ. ಅದೂ ಅಷ್ಟರಲ್ಲಿ ಬೇರೆ ಯಾರೂ ಕೇಳದಿದ್ದರೆ."

ಪೇಟೆಯಲ್ಲಿ ಬಾಡಿಗೆಗೆ ಸಿಗುತ್ತೆ ಅಂದರು ಇವರು. ಆಪರೇಷನ್ನಿಗೇ ನನ್ನ ಬಳೆ ಹೋಗಿತ್ತು, ಅಂಗಡಿಯವನು ಮೂರು ತಿಂಗಳದ್ದು ಮುಂಗಡ ಕೇಳಿದ್ದ. ಮಾತು ಅಲ್ಲಿಗೇ ನಿಂತಿತು. ಮನೆಗೆ ಮಾರಿ, ಊರಿಗೆ ಉಪಕಾರಿ ಅಂತ ನಾನು ಕೈಯಲ್ಲಿದ್ದ ಪಾತ್ರೆಗೆ ಹೇಳಿದೆ. ಪಾತ್ರೆಗೆ ಕಿವಿ ಇಲ್ಲ, ಮಾವನಿಗೆ ಇದೆ. ಅವರು ತಟ್ಟೆ ಎತ್ತಿಕೊಂಡು ಹೋಗಿ ತಾವೇ ತೊಳೆದಿಟ್ಟರು. ಅವರಿಗೆ ಸಿಟ್ಟು ಬಂದದ್ದು ನಮಗೆ ಗೊತ್ತಾಗುವುದೇ ಹಾಗೆ.

ಮರುದಿನ ಡ್ರೆಸ್ಸಿಂಗಿಗೆ ಬಂದ ನರ್ಸಮ್ಮ ಅತ್ತೆಯನ್ನು ಮಗ್ಗುಲಿಗೆ ಹೊರಳಿಸಿ, ನನ್ನನ್ನು ಕರೆದು ತೋರಿಸಿದರು. ಬೆನ್ನ ಕೆಳಗೆ ಅಂಗೈಯಗಲ ಕೆಂಪಗಾಗಿತ್ತು.

"ಇದು ಇನ್ನು ಹತ್ತು ದಿನದಲ್ಲಿ ಹುಣ್ಣಾಗುತ್ತೆ," ಅಂದರು. "ಹುಣ್ಣಾದರೆ ಸೊಂಟಕ್ಕಿಂತ ಅದೇ ಕಷ್ಟ. ಕೂರಿಸಿ, ಹೊರಳಿಸಿ. ಮಂಚ ಸಿಗಲ್ವಾ? ನಿಮ್ಮನೆಯಲ್ಲೇ ಕ್ಲಬ್ಬಿದೆಯಲ್ಲ?"

ಮಾವ ವೃದ್ಧಾಪ್ಯ ಪಿಂಚಣಿ ಆಫೀಸಿಗೆ ಹೋಗಿದ್ದ ಹೊತ್ತು ನೋಡಿ ಕ್ಲಬ್ಬಿನ ಪುಸ್ತಕ ತೆಗೆದೆ. ಆರು ಮಂಚ, ಆರು ವಿಳಾಸ. ಅದರಲ್ಲೊಂದು ವಾಚ್ ರಿಪೇರಿಯವರ ಮನೆಯದು. ಅವರ ತಾಯಿಗೆ ಅಂತ ಒಯ್ದದ್ದು. ಆ ತಾಯಿ ತೀರಿಕೊಂಡು ಎಂಟು ತಿಂಗಳಾಗಿತ್ತು, ನಾನೇ ಹೋಗಿ ಮಾತಾಡಿಸಿ ಬಂದಿದ್ದೆ. ಮಂಚ ಎಲ್ಲಿ?

ಸೀದಾ ಹೋದೆ. ಹಾಲಿನ ನಡುವೆಯೇ ನಮ್ಮ ಮಂಚ, ಅದರ ಮೇಲೆ ಎರಡು ಆಳೆತ್ತರ ಒಗೆದ ಬಟ್ಟೆ. ವಾಚ್ ರಿಪೇರಿಯವರ ಹೆಂಡತಿ ನನ್ನನ್ನು ನೋಡಿದ್ದೇ ಕೈ ಹಿಡಿದುಕೊಂಡಳು.

"ಅಂತೂ ಬಂದ್ರಲ್ಲ ಅಕ್ಕ. ಎಂಟು ತಿಂಗಳಿಂದ ಇದಕ್ಕೆ ಎಡವಿ ಎಡವಿ ನನ್ನ ಕಾಲ್ಬೆರಳು ನೋಡಿ ಏನಾಗಿದೆ."

"ತಂದುಕೊಡೋದಲ್ವಾ ಮತ್ತೆ?"

"ಹೇಗೆ ತರಲಿ? ನಾನಾಗಿ ತಂದರೆ, ಅತ್ತೆ ಹೋದ ತಿಂಗಳಿಗೇ ಮಂಚ ಸಾಗಿಸಿದಳು, ಅವರು ಹೋಗೋದನ್ನೇ ಕಾಯ್ತಿದ್ದಳು ಅಂತಾರೆ ನಾದಿನಿಯರು. ನೀವೇ ಬಂದು ಕೇಳಿದರೆ ಆ ಮಾತು ಬರಲ್ಲ. ಅದಕ್ಕೇ ಕಾದೆ."

ಅವಳು ಕಾದದ್ದು ನಾವು ಕೇಳಲಿ ಅಂತ. ನಾವು ಕಾದದ್ದು ಅವಳು ಕೊಡಲಿ ಅಂತ. ನಡುವೆ ಮಂಚದ ಮೇಲೆ ಬಟ್ಟೆ ಮಲಗಿತ್ತು.

ತಳ್ಳುಗಾಡಿ ಮಾಡಿ ಮಂಚ ತಂದು ಅಂಗಳದಲ್ಲಿಳಿಸಿದೆ. ಗೆದ್ದ ಹಿಗ್ಗು ನನಗೆ. ಮಾವ ಬಂದು ನೋಡಿದರು. ಎಲ್ಲಿಂದ ಬಂತು ಅಂದರು, ಹೇಳಿದೆ. ಕೇಳಿದೆಯಾ ಅಂದರು, ಹೂಂ ಕೇಳಿದೆ ಅಂದೆ. ಅವರು ಬೈಯಲಿಲ್ಲ. ಎಣ್ಣೆಬುಡ್ಡಿ ತಂದು ಹ್ಯಾಂಡಲಿಗೆ ಎಣ್ಣೆ ಬಿಟ್ಟು, ನಾಲ್ಕು ಸಲ ತಿರುಗಿಸಿ, ತಲೆಯ ಕಡೆ ಸಲೀಸಾಗಿ ಮೇಲೇಳುತ್ತೆ ಅಂತ ಖಾತ್ರಿ ಮಾಡಿಕೊಂಡರು. ಆಮೇಲೆ ಒಳಗೆ ಹೋಗಿ ಬೇಕರಿಯವನಿಗೆ ಫೋನ್ ಮಾಡಿದರು. ಅರ್ಧ ಗಂಟೆಯಲ್ಲಿ ಬ್ರೆಡ್ಡಿನ ವ್ಯಾನಿನಲ್ಲಿ ಮಂಚ ಹೊರಟೇಹೋಯಿತು.

ಮೂರು ದಿನ ನಾನು ಮಾವನ ಹತ್ತಿರ ಮಾತಾಡಲಿಲ್ಲ. ತಟ್ಟೆ ಹಾಕಿ ಮಗಳ ಕೈಯಲ್ಲಿ ಕಳಿಸುತ್ತಿದ್ದೆ. ನಮ್ಮನೆಯವರು ಅಪ್ಪನನ್ನೂ ಬಿಟ್ಟುಕೊಡಲಾರದೆ, ನನ್ನನ್ನೂ ಎದುರು ಹಾಕಿಕೊಳ್ಳಲಾರದೆ ಓವರ್‌ಟೈಮ್ ಬರೆಸಿಕೊಂಡು ಬಸ್ಸಿನಲ್ಲೇ ಇರತೊಡಗಿದರು. ಅತ್ತೆಯ ಬೆನ್ನಿನ ಕೆಂಪು ಕಪ್ಪಿಗೆ ತಿರುಗಿತು.

ನಾಲ್ಕನೇ ದಿನ ಮತ್ತೆ ಪುಸ್ತಕ ತೆಗೆದೆ. ಒಂದು ಮಂಚ ಹೋಗಿ ನಾಲ್ಕು ವರ್ಷ ಮೂರು ತಿಂಗಳಾಗಿತ್ತು. ಅಷ್ಟು ವರ್ಷ ಹಾಸಿಗೆ ಹಿಡಿದು ಯಾರು ಬದುಕಿರುತ್ತಾರೆ ಅಂದುಕೊಂಡು ಹೊರಟೆ. ಬಾಗಿಲು ತೆಗೆದದ್ದು ನನ್ನ ವಯಸ್ಸಿನ ಹೆಂಗಸು. ಕೈಯಲ್ಲಿ ಒದ್ದೆ ಬಟ್ಟೆ ಇತ್ತು. ಕ್ಲಬ್ಬಿನಿಂದ ಬಂದೆ, ಮಂಚದ ಕೆಲಸ ಮುಗಿದಿದ್ದರೆ ಅಂತ ಶುರು ಮಾಡಿದೆ.

ಒಳಗಿಂದ ಒಂದು ಮುದಿ ಗಂಡುದನಿ ಬಂತು.

"ಕ್ಲಬ್ಬಿನವರಾ ಅಮ್ಮ? ಸ್ವಲ್ಪ ತಡ ಆಗ್ತಿದೆ ಅಂತ ಹೇಳು. ತಪ್ಪು ತಿಳ್ಕೋಬೇಡಿ ಅನ್ನು."

ಭೂಮಿ ಬಾಯಿ ಬಿಡಬಾರದಿತ್ತೇ ಅನ್ನಿಸಿತು. ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿತ್ತು, ಹೊಲಿಗೆಯಿಂದ ಎದ್ದು ಬಂದವಳು ತೆಗೆಯಲು ಮರೆತಿದ್ದೆ. ಅದನ್ನೇ ಹಿಡಿದುಕೊಂಡೆ. ಅಯ್ಯೋ ಇಲ್ಲ ತಾತ, ನಿಮ್ಮ ಹಾಸಿಗೆಗೆ ಹೊಸ ಕವರು ಹೊಲಿಯಬೇಕಲ್ಲ, ಅಳತೆಗೆ ಬಂದೆ ಅಂತ ಒಳಗೆ ಹೋದೆ. ಅವರು ನನ್ನ ಕೈ ನೋಡುತ್ತಾ ಮಲಗಿದ್ದರು. ಉದ್ದ ಅಳೆದೆ, ಅಗಲ ಅಳೆದೆ. ಇಷ್ಟು ವರ್ಷದಲ್ಲಿ ಕ್ಲಬ್ಬಿನಿಂದ ಯಾರಾದರೂ ಬಂದದ್ದು ಇದೇ ಮೊದಲು ಅಂದರು ಆ ತಾತ. ಹೊರಡುವಾಗ ತಾತನ ಮಗಳು ಗೇಟಿನ ತನಕ ಬಂದು, ಹೀಗೆ ಆಗಾಗ ಬನ್ನಿ, ಅವರಿಗೆ ಮನುಷ್ಯರ ಮುಖ ನೋಡೋ ಆಸೆ ಅಂದಳು.

ಮಧ್ಯಾಹ್ನವೆಲ್ಲ ಕೂತು ಆ ಕವರು ಹೊಲಿದೆ. ಬಚ್ಚಲಿಗೆ ಹೋಗುತ್ತಿದ್ದ ಮಾವ ನಿಂತು, ಯಾರದು ಅಳತೆ ಅಂದರು. ಮೂರು ದಿನದ ಮುನಿಸು ಮರೆತೇಹೋಗಿ ಎಲ್ಲ ಹೇಳಿದೆ.

"ಏನಂದ್ರು ಅವರು?"

"ತಡ ಆಗ್ತಿದೆ, ತಪ್ಪು ತಿಳ್ಕೋಬೇಡಿ ಅಂದ್ರು."

ಮಾವ ಬಚ್ಚಲಿಗೂ ಹೋಗದೆ ಹಾಗೇ ಹಿಂದಿರುಗಿದರು. ಆ ರಾತ್ರಿ ಊಟಕ್ಕೆ ಬರಲಿಲ್ಲ.

ನೋಡಿದೆಯಾ, ಅವರ ನಿಯಮ ಸುಮ್ಮನೆ ಬಂದದ್ದಲ್ಲ, ಅಂದರು ಅತ್ತೆ, ಗಂಜಿ ಕುಡಿಸುತ್ತಿದ್ದಾಗ. ಅಲ್ಲ ಅತ್ತೆ, ಇನ್ನೊಂದು ನಿಯಮದ ಕಥೆ ಏನು, ಹೆಂಡತಿಯ ಬೆನ್ನು ಕೊಳೆತರೂ ಸರಿ ಅನ್ನೋದು ಎಲ್ಲಿಯ ನ್ಯಾಯ ಅಂದೆ ನಾನು. ಅತ್ತೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ಕುರ್ಚಿ ಇಟ್ಕೊಂಡಿದ್ದ ಆ ಸದಸ್ಯರು ನಿಮ್ಮ ಮಾವನೇ ಕಣೆ."

ನಾನು ಚಮಚ ಬಟ್ಟಲಲ್ಲಿಟ್ಟೆ.

"ಅವರಮ್ಮನಿಗೆ ಅಂತ ಇಟ್ರು. ಅವರು ಆರು ತಿಂಗಳಿಗೇ ಎದ್ದು ಓಡಾಡಿದ್ರು. ಆದ್ರೆ ಅದರಲ್ಲಿ ಕೂತು ಸೊಪ್ಪು ಸೋಸೋ ಅಭ್ಯಾಸ ಆಗಿತ್ತು ನೋಡು, ಬಿಡಲಿಲ್ಲ. ಇವರಿಗೆ ಅಮ್ಮನ ಹತ್ತಿರ ಬಾಯಿ ಬರಲಿಲ್ಲ. ಆ ಹುಡುಗಿಯ ಅಪ್ಪ ಬಂದು ಬಂದು ಹೋದ. ಆವತ್ತಿಂದ ಇವರಿಗೆ ಮನೆಯವರಿಗೆ ಅಂತ ಏನು ಕೊಡಬೇಕಾದ್ರೂ ಕೈ ನಡುಗುತ್ತೆ."

ಮಾವ ಪಾಪ ಅನ್ನಿಸಿತು, ಸಿಟ್ಟೂ ಹೋಗಲಿಲ್ಲ. ಆ ಹುಡುಗಿಗೆ ಆದ ಅನ್ಯಾಯಕ್ಕೆ ಅತ್ತೆ ಯಾಕೆ ಬೆನ್ನು ಕೊಡಬೇಕು?

ಮಂಚ ತಂದವರು ಕೊನೆಗೆ ನಮ್ಮನೆಯವರು. ಮರುದಿನ ಅವರನ್ನು ಹೊಸ ರೂಟಿಗೆ ಹಾಕಿದ್ದರು. ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗ ಫುಟ್‌ಪಾತಿನ ತರಕಾರಿ ಅಂಗಡಿ ಕಣ್ಣಿಗೆ ಬಿತ್ತಂತೆ. ಟೊಮೆಟೊ, ಸೌತೆಕಾಯಿ ಎಲ್ಲ ಗಿರಾಕಿಗಳ ಮುಖಕ್ಕೆ ಕಾಣುವ ಹಾಗೆ ಇಳಿಜಾರಿನಲ್ಲಿ ಜೋಡಿಸಿದ್ದಾರೆ. ಕೆಳಗೆ ನೋಡಿದರೆ ಕ್ಲಬ್ಬಿನ ಮಂಚದ ಹಸಿರು ಬಣ್ಣ, ಹ್ಯಾಂಡಲ್ಲು. ತರಕಾರಿಯಮ್ಮ ನಾಲ್ಕು ಸುತ್ತು ತಿರುಗಿಸಿ ತಲೆಯ ಕಡೆ ಎತ್ತಿಟ್ಟಿದ್ದಳು. ಪಾಳಿ ಮುಗಿಸಿ ಹೋಗಿ ಕೇಳಿದರೆ, ಗಂಡ ಎದ್ದು ಓಡಾಡಿ ವರ್ಷವಾಯಿತು, ಯಾರೂ ಕೇಳೋಕೆ ಬರಲಿಲ್ಲ, ಮರೆತಿರಬೇಕು ಅಂದ್ಕೊಂಡೆ ಅಂದಳಂತೆ. ನಾಚಿಕೊಂಡು ಮೂರು ಕೆಜಿ ಟೊಮೆಟೊ ಬೇರೆ ಕಟ್ಟಿಕೊಟ್ಟಿದ್ದಳು.

ಪಟ್ಟಿಯಲ್ಲಿ ಆವತ್ತು ಯಾರ ಹೆಸರೂ ಇರಲಿಲ್ಲ. ಮಾವ ಎರಡು ಸಲ ನೋಡಿ, ಕನ್ನಡಕ ಒರೆಸಿಕೊಂಡು ಮೂರನೇ ಸಲ ನೋಡಿ, ಹಾಕಿ ಅಂದರು. ನಾನು ಮಂಚ ತೊಳೆದೆ, ಇವರು ಕೂರಿಸಿದರು, ಮಾವ ಹ್ಯಾಂಡಲ್ ತಿರುಗಿಸಿದರು. ಅತ್ತೆ ನಿಧಾನಕ್ಕೆ ಮೇಲೆದ್ದರು. ಮೂರು ವಾರದ ಮೇಲೆ ಕಿಟಕಿಯಾಚೆ ನೋಡಿದ್ದು.

"ಎದುರುಮನೆಯವರು ಗೇಟಿಗೆ ಬಣ್ಣ ಹೊಡೆಸಿದ್ದಾರಲ್ಲ," ಅಂದರು. "ನಂಗೆ ಯಾರೂ ಹೇಳಲೇ ಇಲ್ಲ."

ಆ ರಾತ್ರಿ ಕೆಮ್ಮಿಲ್ಲದೆ ಒಂದು ಬಟ್ಟಲು ಪೂರ್ತಿ ಉಂಡರು. ನಾನು ಒಲೆ ಮುಂದೆ ನಿಂತು ಅತ್ತುಬಿಟ್ಟೆ.

ಎರಡೇ ದಿನ. ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದೆವು. ಅತ್ತೆಯ ಮಂಚದ ಪಕ್ಕಕ್ಕೇ ಮೇಜು ಎಳೆದುಕೊಂಡಿದ್ದೆವು. ಫೋನ್ ಬಂತು. ಮಾವ ಎತ್ತಿದರು. ಗಿರಣಿ ಬೀದಿಯಿಂದ ಯಾರೋ ಗಂಡಸು, ಜೋರು ದನಿ, ನಮಗೆಲ್ಲ ಕೇಳುತ್ತಿತ್ತು. ಅಪ್ಪನಿಗೆ ಲಕ್ವ ಹೊಡೆದಿದೆ, ನಾಳೆ ಆಸ್ಪತ್ರೆಯಿಂದ ಕಳಿಸುತ್ತಾರೆ, ಮಂಚ ಒಂದು ಬೇಕಿತ್ತು.

ಯಾರೂ ತುತ್ತು ಎತ್ತಲಿಲ್ಲ. ಮಾವ ಗೋಡೆ ಮೇಲಿನ ಅಕ್ಷರ ನೋಡಿದರು, ಅತ್ತೆಯನ್ನು ನೋಡಿದರು.

"ಒಂದಿತ್ತಪ್ಪ," ಅಂದರು. "ನಮ್ಮನೆಯವಳಿಗೆ ಹಾಕಿಬಿಟ್ಟಿದ್ದೀನಿ."

ಮುಂದಿನ ಮಾತು ಏನು ಅಂತ ನನಗೆ ಗೊತ್ತಿತ್ತು. ಬಿಚ್ಚಿ ಕಳಿಸ್ತೀನಿ ಅನ್ನೋದು ಅವರ ನಾಲಿಗೆ ತುದಿಗೆ ಬಂದಿತ್ತು. ಸೌಟು ಹಿಡಿದು ಎದ್ದು ನಿಂತೆ. ಅಷ್ಟರಲ್ಲಿ ಅತ್ತೆ ಕೈ ಚಾಚಿದರು.

"ರೀ, ಇಲ್ಲಿ ಕೊಡಿ ಅದನ್ನ."

ಐವತ್ತು ವರ್ಷದಲ್ಲಿ ಅತ್ತೆ ಕ್ಲಬ್ಬಿನ ಫೋನ್ ಹಿಡಿದದ್ದೇ ಇಲ್ಲ. ಮಾವ ಕೊಟ್ಟುಬಿಟ್ಟರು.

"ನೋಡಪ್ಪ, ನಾನು ಆ ಮಂಚದ ಮೇಲಿಂದಲೇ ಮಾತಾಡ್ತಿರೋದು," ಅಂದರು ಅತ್ತೆ. "ನಂಗೂ ಬೇಕು, ನಿಮ್ಮಪ್ಪಂಗೂ ಬೇಕು. ಕೊಟ್ಟಿರೋ ಮನೆಗಳು ಇನ್ನೂ ಇವೆ, ಇವತ್ತು ನಮ್ಮ ಸೊಸೆ ಹೋಗಿ ಕೇಳ್ತಾಳೆ. ಸಿಕ್ಕಿದ್ರೆ ನಾಳೆ ಬೆಳಿಗ್ಗೆ ನಿಮ್ಮನೆಗೆ ಬರುತ್ತೆ. ಸಿಗದಿದ್ರೆ ನೀನು ತಿಂಗಳು ಬಿಟ್ಟು ಬಂದು ನನ್ನ ಕೇಳು. ಎದ್ದಿದ್ರೆ ನಾನೇ ತೊಳೆದು ಕೊಡ್ತೀನಿ. ಎದ್ದಿಲ್ಲ ಅಂದ್ರೂ ಬಂದು ಕೇಳು. ನನ್ನನ್ನೇ ಕೇಳು, ನಂಗೇನೂ ಬೇಜಾರಿಲ್ಲ."

ಫೋನ್ ಇಟ್ಟು, ಸೌತೆಕಾಯಿ ಇನ್ನೊಂದು ಹೋಳು ಹಾಕು ಅಂದರು ನನಗೆ.

ಮಾವ ಕೈ ತೊಳೆದುಕೊಂಡು ಬಂದರು. ಪುಸ್ತಕ ಕಂಕುಳಲ್ಲಿಟ್ಟುಕೊಂಡು ಚಪ್ಪಲಿ ಮೆಟ್ಟಿ, ನಡಿ, ನಾನೂ ಬರ್ತೀನಿ ಅಂದರು. ಹೊಸ್ತಿಲಲ್ಲಿ ನಿಂತು ಮಗಳ ಕಡೆ ತಿರುಗಿದರು.

"ಪುಟ್ಟಿ, ಮೂರನೇ ವರ್ಷದಲ್ಲಿ ಒಬ್ಬ ಸದಸ್ಯರು ಅಂತ ಇದೆಯಲ್ಲ, ಅಲ್ಲಿ ನನ್ನ ಹೆಸರು ಹಾಕು."

ಅವಳು ನನ್ನ ಮುಖ ನೋಡಿದಳು. ಹಾಕು ಅಂತ ಕಣ್ಣಲ್ಲೇ ಹೇಳಿದೆ.

ಪುಸ್ತಕದ ಮೂರನೇ ವಿಳಾಸ ಎರಡು ಬೀದಿ ಆಚೆ, ಟೈರ್ ಅಂಗಡಿಯ ಹಿಂದೆ. ಬಿಸಿಲು ಸುಡುತ್ತಿತ್ತು. ಮಾವ ನನಗಿಂತ ಮುಂದೆ ನಡೆದರು. ಗೇಟು ತೆಗೆದು, ನಾಲ್ಕು ಮೆಟ್ಟಿಲು ಹತ್ತಿ, ಬಾಗಿಲ ಮುಂದೆ ನಿಂತರು. ಕೈ ಎತ್ತಿದರು, ಇಳಿಸಿದರು. ಊರಿಗೆಲ್ಲ ಕೊಟ್ಟ ಮನುಷ್ಯ, ಇಸಕೊಂಡವರ ಬಾಗಿಲಲ್ಲಿ ಕಳ್ಳನ ಹಾಗೆ ನಿಂತಿದ್ದರು.

"ಹೇಗಮ್ಮ ಕೇಳೋದು?" ಅಂದರು ನನ್ನನ್ನು, ಮೆಲ್ಲಗೆ.

"ಮಂಚದ ಮಾತು ಆಮೇಲೆ ಮಾವ. ಮೊದಲು ಹೇಗಿದ್ದಾರೆ ಅಂತ ಕೇಳಿ."

ನಾನೇ ಬಾಗಿಲು ತಟ್ಟಿದೆ. ಒಳಗೆ ಯಾರೋ ಕಾಲೆಳೆದುಕೊಂಡು ಬರುವ ಸದ್ದು ಕೇಳಿಸಿತು. ಮಾವ ಪುಸ್ತಕವನ್ನು ಬೆನ್ನ ಹಿಂದೆ ಸರಿಸಿಕೊಂಡರು.